ಟಯರ್ ಗಾಳಿ: ಮುಂಬೈ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ರಸ್ತೆಗೆ ತಾಗುವುದು ನಾಲ್ಕೇ ಜಾಗದಲ್ಲಿ, ಒಂದೊಂದೂ ಸುಮಾರು ಅಂಗೈಯಷ್ಟು ಅಗಲ. ಬ್ರೇಕು, ತಿರುವು, ಮಳೆಯಲ್ಲಿನ ಹಿಡಿತ ಎಲ್ಲವೂ ಆ ನಾಲ್ಕು ಅಂಗೈಗಳ ಮೇಲೆ ನಿಂತಿದೆ, ಆ ಅಂಗೈಗಳ ಆಕಾರ ಒಳಗಿನ ಗಾಳಿಯ ಮೇಲೆ ನಿಂತಿದೆ. ಡೊಂಬಿವಲಿಯಿಂದ ಉಡುಪಿಗೆ, ಪುಣೆಯಿಂದ ಹುಬ್ಬಳ್ಳಿಗೆ, ವಾಸ್ಕೋದಿಂದ ಬೆಳಗಾವಿಗೆ ಓಡಾಡುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ.

ನನ್ನ ಕಾರಿಗೆ ಎಷ್ಟು ಗಾಳಿ ಹಾಕಿಸಬೇಕು?

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕರ್ ಕಾಣುತ್ತದೆ. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿರುತ್ತದೆ. ಅಲ್ಲಿ ಬರೆದಿರುವ ಸಂಖ್ಯೆಯೇ ನಿಮ್ಮದು. ಪಕ್ಕದ ಮನೆಯವರ ಕಾರಿನದೂ ಅಲ್ಲ, ಪಂಪಿನ ಹುಡುಗ ಎಲ್ಲ ಗಾಡಿಗೂ ಹಾಕುವ 35 ಕೂಡ ಅಲ್ಲ. ಸ್ಟಿಕರ್ ಹರಿದುಹೋಗಿದ್ದರೆ ಗಾಡಿಯ ಕೈಪಿಡಿಯಲ್ಲಿ ಅದೇ ಪಟ್ಟಿ ಸಿಗುತ್ತದೆ.

ಸ್ಟಿಕರ್‌ನಲ್ಲಿ ಸಾಮಾನ್ಯವಾಗಿ ಎರಡು ಸಾಲುಗಳಿರುತ್ತವೆ. ಒಂದು ಇಬ್ಬರು ಮೂವರು ಕುಳಿತಾಗಿನದು, ಇನ್ನೊಂದು ಪೂರ್ತಿ ಜನ ಮತ್ತು ಸಾಮಾನು ತುಂಬಿದಾಗಿನದು. ಮುಂದಿನ ಮತ್ತು ಹಿಂದಿನ ಚಕ್ರಗಳಿಗೂ ಬೇರೆ ಸಂಖ್ಯೆ ಇರಬಹುದು. ಗಾಳಿಯ ಒತ್ತಡದ ಅಳತೆ ಪಿಎಸ್‌ಐ, ಬಾರ್, ಕಿಲೋಪಾಸ್ಕಲ್ ಯಾವುದರಲ್ಲಿ ಬೇಕಾದರೂ ಇರಬಹುದು: 1 ಬಾರ್ ಎಂದರೆ 100 ಕಿಲೋಪಾಸ್ಕಲ್, ಅಂದರೆ 14.5 ಪಿಎಸ್‌ಐ. 2.3 ಬಾರ್ ಎಂದು ಬರೆದಿದ್ದರೆ ಪಂಪಿನಲ್ಲಿ 33 ಎಂದು ಹೇಳಿ.

ಟಯರಿನ ಮೇಲೆಯೇ 44 ಅಥವಾ 51 ಪಿಎಸ್‌ಐ ಎಂದು ಅಚ್ಚೊತ್ತಿದೆಯಲ್ಲ?

ಅದು ಆ ಟಯರ್ ತಡೆಯಬಲ್ಲ ಗರಿಷ್ಠ ಮಿತಿ. ಟಯರ್ ಕಂಪನಿಗೆ ಆ ಟಯರ್ ಯಾವ ಗಾಡಿಗೆ ಬೀಳುತ್ತದೆಂದು ಗೊತ್ತಿರುವುದಿಲ್ಲ, ನಿಮ್ಮ ಗಾಡಿಯ ತೂಕವೂ ಗೊತ್ತಿರುವುದಿಲ್ಲ. ಗಾಡಿ ಮಾಡಿದವರಿಗೆ ಅದು ಗೊತ್ತು. ಹಾಗಾಗಿ ಬಾಗಿಲ ಕಂಬವನ್ನು ನೋಡಿ.

"ತಣ್ಣಗಿರುವಾಗ ಅಳೆಯಬೇಕು" ಅಂದರೆ ನಿಖರವಾಗಿ ಏನು?

ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲುಪಾಲು ಇದೊಂದನ್ನೇ ಬಿಟ್ಟಿದ್ದರಿಂದ ಆಗುವಂಥವು, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಗಾಡಿ ಕನಿಷ್ಠ 3 ಗಂಟೆ ನಿಂತಿರಬೇಕು, ಅಥವಾ ಹೊರಟ ಮೇಲೆ 2 ಕಿಲೋಮೀಟರಿಗಿಂತ ಕಡಿಮೆ, ನಿಧಾನವಾಗಿ ಓಡಿರಬೇಕು. ಬಿಸಿಲು ನೇರವಾಗಿ ಬೀಳುವ ಕಡೆಯ ಟಯರೂ ಬಿಸಿಯಾಗಿರುತ್ತದೆ. ಮಧ್ಯಾಹ್ನ ಬಯಲಲ್ಲಿ ನಿಂತ ಗಾಡಿಯನ್ನು "ತಣ್ಣಗಿದೆ" ಎಂದು ಲೆಕ್ಕ ಹಿಡಿಯಬೇಡಿ. ಬೆಳಿಗ್ಗೆ ಎದ್ದು ಮೊದಲ ಸಲ ಗಾಡಿ ತೆಗೆಯುವ ಮುಂಚಿನ ಅಳತೆಯೇ ಸರಿಯಾದದ್ದು.

ಓಡುವಾಗ ಟಯರಿನ ಗೋಡೆ ಸುತ್ತಿಗೊಮ್ಮೆ ಮಡಚಿ ಬಿಚ್ಚುತ್ತದೆ, ರಬ್ಬರು ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಬೆಳಿಗ್ಗೆ 28 ಡಿಗ್ರಿಯಲ್ಲಿ 33 ಇದ್ದ ಟಯರ್ ಹೆದ್ದಾರಿಯಲ್ಲಿ ಒಂದು ಗಂಟೆ ಓಡಿ 55 ಡಿಗ್ರಿಗೆ ಏರಿದರೆ ಗೇಜ್ (ಗಾಳಿಯ ಒತ್ತಡ ಅಳೆಯುವ ಸಾಧನ) 37 ತೋರಿಸುತ್ತದೆ. ಇದು ದೋಷವಲ್ಲ. ಸ್ಟಿಕರ್‌ನ ಸಂಖ್ಯೆಯನ್ನು ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಬರೆದಿರುತ್ತಾರೆ. ಆಗ ಯಾರಾದರೂ "ಜಾಸ್ತಿ ಇದೆ" ಎಂದು ಗಾಳಿ ಬಿಟ್ಟು 33ಕ್ಕೆ ತಂದರೆ, ಮರುದಿನ ಬೆಳಿಗ್ಗೆ ಅದೇ ಟಯರಿನಲ್ಲಿ ಉಳಿಯುವುದು 29 ಮಾತ್ರ. ಬಿಸಿ ಟಯರಿನಿಂದ ಗಾಳಿ ಬಿಡಬಾರದು. ನಾವು ಹೇಳುವ ಎಲ್ಲ ಮಾತುಗಳಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಹತ್ತಿರದ ಪಂಪ್ 5 ಕಿಲೋಮೀಟರ್ ದೂರ. ಅಲ್ಲಿ ತಲುಪುವಷ್ಟರಲ್ಲಿ ಟಯರ್ ಬಿಸಿಯಾಗಿರುತ್ತದೆ. ಏನು ಮಾಡಲಿ?

ಅಳತೆ ಮನೆಯಲ್ಲಿ, ಗಾಳಿ ಪಂಪಿನಲ್ಲಿ. ಬೆಳಿಗ್ಗೆ ಸೊಸೈಟಿಯಲ್ಲೇ ನಿಮ್ಮ ಗೇಜಿನಿಂದ ನಾಲ್ಕೂ ಟಯರ್ ಅಳೆದು ಮೊಬೈಲಿನಲ್ಲಿ ಬರೆದುಕೊಳ್ಳಿ. ಎಡ ಮುಂದಿನ ಟಯರ್ 33 ಇರಬೇಕಾದಲ್ಲಿ 29 ಇದೆ ಎಂದುಕೊಳ್ಳಿ, ಕೊರತೆ 4. ಪಂಪಿಗೆ ಹೋದಾಗ ಅಲ್ಲಿನ ಯಂತ್ರ ಅದೇ ಟಯರಿಗೆ 31 ತೋರಿಸುತ್ತದೆ. ಆ 31ಕ್ಕೆ ನಿಮ್ಮ 4 ಸೇರಿಸಿ 35ಕ್ಕೆ ಹಾಕಿಸಿ. ಪಂಪಿನ ಮೀಟರ್ ಒಂದೆರಡು ಪಿಎಸ್‌ಐ ತಪ್ಪಾಗಿದ್ದರೂ ಈ ಲೆಕ್ಕ ಕೆಡುವುದಿಲ್ಲ, ಏಕೆಂದರೆ ನೀವು ನಂಬಿದ್ದು ವ್ಯತ್ಯಾಸವನ್ನು. ಮರುದಿನ ಬೆಳಿಗ್ಗೆ ಇನ್ನೊಮ್ಮೆ ಅಳೆದು, ಒಂದು ಪಿಎಸ್‌ಐ ಹೆಚ್ಚಿದ್ದರೆ ಆಗ ಬಿಡಿ.

ಪಂಪಿನಲ್ಲಿ ಹೇಗೆ ಹೇಳಬೇಕು? ಊರಿಂದ ಈಗಷ್ಟೇ ಬಂದಿದ್ದೇನೆ, ಮರಾಠಿ ಬರುವುದಿಲ್ಲ.

ಇಲ್ಲಿ ಬಂಕ್ ಎನ್ನುವುದಿಲ್ಲ, ಪಂಪ್ ಎನ್ನುತ್ತಾರೆ, ಗಾಳಿಗೆ ಹವಾ. "ದಾದಾ, ಹವಾ ಚೆಕ್ ಕರಾ. ಪುಢೇ ತೀಸ್, ಮಾಗೇ ತೇಹತ್ತೀಸ್" ಎಂದರೆ ಮುಂದೆ 30, ಹಿಂದೆ 33. ಹಿಂದಿಯಲ್ಲಾದರೆ ಆಗೇ, ಪೀಛೇ. ಬತ್ತೀಸ್ 32, ಛತ್ತೀಸ್ 36. ಹಿಂದಿಯ ತೈಂತೀಸ್ 33, ಪೈಂತೀಸ್ 35; ಕಂಪ್ರೆಸರ್ ಸದ್ದಿನಲ್ಲಿ ಇವೆರಡೂ ಒಂದೇ ಥರ ಕೇಳಿಸುತ್ತವೆ. ಮೊಬೈಲಿನಲ್ಲಿ ಸಂಖ್ಯೆ ದೊಡ್ಡದಾಗಿ ಬರೆದು ತೋರಿಸಿದರೆ ಗೊಂದಲವೇ ಇಲ್ಲ. ಗಾಡಿಯಿಂದ ಇಳಿದು ಯಂತ್ರದ ಪರದೆ ನೋಡುತ್ತ ನಿಲ್ಲಿ. ಹೊರಡುವ ಮುನ್ನ "ಸ್ಟೆಪ್ನೀ ಪಣ್ ಚೆಕ್ ಕರಾ" (ಸ್ಟೆಪ್ನಿಯನ್ನೂ ನೋಡಿ) ಎನ್ನಿ, ಮತ್ತು ವಾಲ್ವಿನ ನಾಲ್ಕೂ ಮುಚ್ಚಳ ವಾಪಸ್ ಕೂತಿವೆಯೇ ನೋಡಿ. ಪೆಟ್ರೋಲ್ ಪಂಪಿನಲ್ಲಿ ಗಾಳಿ ಉಚಿತ, ಪೆಟ್ರೋಲ್ ಹಾಕಿಸದಿದ್ದರೂ ಕೇಳಬಹುದು.

ಯಾವ ಗೇಜ್ ಕೊಳ್ಳಬೇಕು? ಅಳೆಯುವುದು ಹೇಗೆ?

0ರಿಂದ 60 ಅಥವಾ 100 ಪಿಎಸ್‌ಐವರೆಗಿನ, ಅರ್ಧ ಪಿಎಸ್‌ಐ ತೋರಿಸುವ ಸಾಮಾನ್ಯ ಡಿಜಿಟಲ್ ಗೇಜ್ ಸಾಕು. ಗಾಡಿಗೊಂದು ಗೇಜ್, ಪ್ರತಿ ಸಲವೂ ಅದೇ ಗೇಜ್. ವಾಲ್ವಿನ ಮುಚ್ಚಳ ತೆಗೆದು ಧೂಳು ಒರೆಸಿ, ಗೇಜಿನ ಬಾಯಿಯನ್ನು ನೇರವಾಗಿ, ಒಂದೇ ಸಲ ಗಟ್ಟಿಯಾಗಿ ಒತ್ತಿ. ಸುಯ್ ಎಂಬ ಸದ್ದು ಕ್ಷಣ ಬಂದು ನಿಲ್ಲಬೇಕು. ಸದ್ದು ಮುಂದುವರಿದರೆ ಓರೆಯಾಗಿ ಒತ್ತಿದ್ದೀರಿ, ಆ ಸಂಖ್ಯೆ ಕಡಿಮೆ ಬರುತ್ತದೆ. ಎರಡು ಸಲ ಅಳೆದು ಒಂದೇ ಉತ್ತರ ಬಂದರೆ ಬರೆದುಕೊಳ್ಳಿ.

12 ವೋಲ್ಟಿನ ಸಣ್ಣ ಕಂಪ್ರೆಸರ್ ಜೊತೆಗಿದ್ದರೆ ಇನ್ನೂ ಒಳ್ಳೆಯದು, ಹಾಕುವುದೂ ಬೆಳಿಗ್ಗೆ ತಣ್ಣಗಿರುವಾಗಲೇ ಆಗಿಬಿಡುತ್ತದೆ. ಎಂಜಿನ್ ಚಾಲೂ ಇಟ್ಟು ಬಳಸಿ, ಆದರೆ ಮುಚ್ಚಿದ ಬೇಸ್‌ಮೆಂಟಿನಲ್ಲಿ ಹೊಗೆ ತುಂಬುವಂತೆ ಅಲ್ಲ. ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ ಅದಕ್ಕೆ ಅಷ್ಟೇ ವಿಶ್ರಾಂತಿ ಕೊಡಿ, ಇಲ್ಲವಾದರೆ ಮೋಟಾರ್ ಸುಡುತ್ತದೆ.

ಎಷ್ಟು ದಿನಕ್ಕೊಮ್ಮೆ?

15 ದಿನಕ್ಕೊಮ್ಮೆ, ಮತ್ತು ಊರಿಗೆ ಹೊರಡುವ ದಿನ ಬೆಳಿಗ್ಗೆ. ಪಂಕ್ಚರ್ ಇಲ್ಲದ ಟಯರಿನಿಂದಲೂ ತಿಂಗಳಿಗೆ ಸುಮಾರು 1ರಿಂದ 2 ಪಿಎಸ್‌ಐ ರಬ್ಬರಿನ ಮೂಲಕವೇ ಹೊರಗೆ ಹೋಗುತ್ತದೆ. ಕಣ್ಣಿನಿಂದ ನೋಡಿ ಹೇಳುವ ಕಾಲ ಹೋಯಿತು. ಈಗಿನ ರೇಡಿಯಲ್ ಟಯರ್‌ಗಳ ಕೆಳಭಾಗ ಯಾವಾಗಲೂ ಸ್ವಲ್ಪ ಕೂತಂತೆಯೇ ಇರುತ್ತದೆ. 25 ಇರುವುದಕ್ಕೂ 33 ಇರುವುದಕ್ಕೂ ನೋಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒದ್ದು ನೋಡುವುದರಿಂದ ಅಂತೂ ಏನೂ ತಿಳಿಯುವುದಿಲ್ಲ.

ಬೇಸಿಗೆಯಲ್ಲಿ ಟಯರ್ ಸಿಡಿಯುತ್ತದೆ, ಅದಕ್ಕೆ ಗಾಳಿ ಕಡಿಮೆ ಇಡಬೇಕು ಎನ್ನುತ್ತಾರೆ. ನಿಜವೇ?

ಸುಳ್ಳು, ಮತ್ತು ಅಪಾಯಕಾರಿ. ಟಯರ್ ಸಿಡಿಯುವುದು ಬಹುಪಾಲು ಗಾಳಿ ಹೆಚ್ಚಾಗಿ ಅಲ್ಲ, ಕಡಿಮೆಯಾಗಿ.

ಗಾಳಿ ಕಡಿಮೆಯಾದಷ್ಟೂ ಟಯರಿನ ಗೋಡೆ ಹೆಚ್ಚು ಮಡಚುತ್ತದೆ. ತಂತಿಯೊಂದನ್ನು ಒಂದೇ ಜಾಗದಲ್ಲಿ ಬಗ್ಗಿಸಿ ಬಿಡಿಸಿ ಮಾಡಿದರೆ ಆ ಜಾಗ ಬಿಸಿಯಾಗುವುದನ್ನು ನೋಡಿರುತ್ತೀರಿ, ಇಲ್ಲಿ ಆಗುವುದೂ ಅದೇ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಮಾನ್ಯ ಕಾರಿನ ಚಕ್ರ ಸೆಕೆಂಡಿಗೆ 14-15 ಸುತ್ತು ಹಾಕುತ್ತದೆ, ಪ್ರತಿ ಸುತ್ತಿಗೂ ಒಂದು ಮಡಿಕೆ. ಶಾಖ ಹೊರಗೆ ಹೋಗುವುದಕ್ಕಿಂತ ವೇಗವಾಗಿ ಒಳಗೆ ಸೇರಿಕೊಂಡಾಗ ರಬ್ಬರಿಗೂ ಒಳಗಿನ ನೂಲು ಮತ್ತು ಉಕ್ಕಿನ ಪಟ್ಟಿಗಳಿಗೂ ಇರುವ ಅಂಟು ಬಿಡುತ್ತದೆ. ಪದರ ಎದ್ದ ಮೇಲೆ ಟಯರ್ ಹರಿಯುವುದು ಕ್ಷಣಗಳ ಮಾತು.

ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ 94.5 ಕಿಲೋಮೀಟರ್. ನಾಗ್ಪುರದವರೆಗಿನ ಸಮೃದ್ಧಿ ಮಹಾಮಾರ್ಗ 701 ಕಿಲೋಮೀಟರ್, ಕಾರಿಗೆ ಅಲ್ಲಿ ಗಂಟೆಗೆ 120ರ ಮಿತಿ. ನಗರದ ಸಿಗ್ನಲ್‌ಗಳಲ್ಲಿ ನಿಂತು ಹೊರಡುವಾಗ 26 ಪಿಎಸ್‌ಐ ಇರುವ ಟಯರ್ ಹೇಗೋ ಬದುಕಿಕೊಳ್ಳುತ್ತದೆ, ಏಕೆಂದರೆ ತಣಿಯಲು ಅದಕ್ಕೆ ಸಮಯ ಸಿಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಐದು ಜನ ತುಂಬಿಕೊಂಡು, ನಿಲ್ಲಿಸದೆ ಎರಡು ಗಂಟೆ ಓಡಿಸಿದಾಗ ಅದೇ ಟಯರ್ ಕೈಕೊಡುತ್ತದೆ. ಬೇಸಿಗೆಯಲ್ಲೂ ಸ್ಟಿಕರ್‌ನಲ್ಲಿರುವಷ್ಟೇ ಹಾಕಿಸಿ, ಸಾಮಾನು ತುಂಬಿದ್ದರೆ ಪೂರ್ತಿ ಹೊರೆಯ ಸಾಲಿನಷ್ಟು. ಎರಡು ಗಂಟೆಗೊಮ್ಮೆ ನಿಲ್ಲಿಸಿದಾಗ ಟಯರಿನ ಬಳಿ ಕೈ ಹಿಡಿದು ನೋಡಿ. ಮೂರು ಸಾಮಾನ್ಯವಾಗಿ ಬೆಚ್ಚಗಿದ್ದು ಒಂದು ಮಾತ್ರ ವಿಪರೀತ ಬಿಸಿಯಿದ್ದರೆ ಅದರಲ್ಲಿ ಗಾಳಿ ಇಳಿಯುತ್ತಿದೆ, ಇಲ್ಲವೇ ಆ ಚಕ್ರದ ಬ್ರೇಕ್ ಹಿಡಿದುಕೊಂಡಿದೆ.

ಮಳೆಗಾಲದಲ್ಲಿ ಹಿಡಿತಕ್ಕಾಗಿ ಎರಡು ಮೂರು ಪಿಎಸ್‌ಐ ಕಡಿಮೆ ಮಾಡಬಹುದೇ?

ಬೇಡ. ಒದ್ದೆ ರಸ್ತೆಯಲ್ಲಿ ಟಯರಿನ ಮೊದಲ ಕೆಲಸ ನೀರನ್ನು ಸೀಳಿ ಗೀರುಗಳ ಮೂಲಕ ಪಕ್ಕಕ್ಕೆ ಹಾಕುವುದು. ಗಾಳಿ ಕಡಿಮೆಯಾದರೆ ಟಯರಿನ ನಡುಭಾಗ ಒಳಕ್ಕೆ ಬಾಗುತ್ತದೆ, ಗೀರುಗಳು ಮುಚ್ಚಿಕೊಳ್ಳುತ್ತವೆ, ನೀರು ಹೊರಹೋಗದೆ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ವೇಗ ದಾಟಿದ ಮೇಲೆ ಟಯರ್ ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ, ಬ್ರೇಕ್ ಒತ್ತಿದರೂ ಗಾಡಿ ಕೇಳುವುದಿಲ್ಲ.

ವಿಮಾನದ ಟಯರ್‌ಗಳ ಮೇಲೆ ನಾಸಾ ನಡೆಸಿದ ಪ್ರಯೋಗಗಳಿಂದ ಬಂದ ಒಂದು ಸ್ಥೂಲ ಸೂತ್ರವಿದೆ: ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಆ ಲೆಕ್ಕದಲ್ಲಿ 30 ಪಿಎಸ್‌ಐಗೆ ಸುಮಾರು 91 ಕಿಲೋಮೀಟರ್ ವೇಗ, 20 ಪಿಎಸ್‌ಐಗೆ ಸುಮಾರು 75. ಕಾರಿನಲ್ಲಿ ಗೀರಿನ ಆಳ, ನೀರಿನ ಆಳ, ಟಯರಿನ ಅಗಲ ಎಲ್ಲವೂ ಸೇರಿಕೊಳ್ಳುವುದರಿಂದ ಈ ಸಂಖ್ಯೆಗಳನ್ನು ಸುರಕ್ಷಿತ ಮಿತಿ ಎಂದು ಹಿಡಿಯಬಾರದು. ಸವೆದ ಟಯರ್ ಇದಕ್ಕಿಂತ ಬಹಳ ಮೊದಲೇ ತೇಲಬಹುದು. ಆದರೆ ದಿಕ್ಕು ಸ್ಪಷ್ಟ: ಗಾಳಿ ಕಡಿಮೆಯಾದರೆ ಕಡಿಮೆ ವೇಗದಲ್ಲೇ ತೇಲುತ್ತದೆ.

ಜೂನ್ ಮೊದಲ ವಾರಕ್ಕೆ ಮುಂಚೆ ಗೀರಿನ ಆಳ ನೋಡಿಬಿಡಿ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ, ಅದರ ನೇರಕ್ಕೆ ಟಯರಿನ ಪಕ್ಕದಲ್ಲಿ ತ್ರಿಕೋನ ಗುರುತಿರುತ್ತದೆ. ಮೇಲ್ಮೈ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದಿದ್ದರೆ ಉಳಿದದ್ದು 1.6 ಮಿಲಿಮೀಟರ್, ಕಾರಿಗೆ ಕಾನೂನಿನ ಕೊನೆಯ ಮಿತಿ. ಕೊಂಕಣದ ಮಳೆಗೆ ಅಷ್ಟು ಸಾಲದು. 3 ಮಿಲಿಮೀಟರಿಗೆ ಇಳಿದಾಗಲೇ ಹೊಸದು ಹಾಕಿಸಿ ಎನ್ನುತ್ತೇವೆ.

ಮುಂಬೈಯಲ್ಲಿ ಸರಿಯಾಗಿ ಹಾಕಿಸಿದ್ದೆ, ಪುಣೆಯಲ್ಲಿ ಬೆಳಿಗ್ಗೆ ನೋಡಿದರೆ ಕಡಿಮೆ. ಲೀಕ್ ಇದೆಯೇ?

ಬಹುಶಃ ಇಲ್ಲ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಗೇಜ್ ಸುಮಾರು 1 ಪಿಎಸ್‌ಐ ಹೆಚ್ಚೇ ತೋರಿಸಬೇಕು. ಆದರೆ ಚಳಿ ಅದಕ್ಕೆ ಎದುರಾಗಿ ಎಳೆಯುತ್ತದೆ: ಉಷ್ಣಾಂಶ 10 ಡಿಗ್ರಿ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಮುಂಬೈಯಲ್ಲಿ 28 ಡಿಗ್ರಿಯಲ್ಲಿ 33 ಹಾಕಿಸಿದ ಟಯರ್, ಜನವರಿಯ ಪುಣೆ ಬೆಳಗಿನ 12 ಡಿಗ್ರಿಯಲ್ಲಿ 31.5ರ ಹತ್ತಿರ ಬರುತ್ತದೆ. ನಾಲ್ಕೂ ಟಯರ್ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಹವಾಮಾನ. ಒಂದು ಮಾತ್ರ ಇಳಿದಿದ್ದರೆ ಲೀಕ್. ಪುಣೆಯಲ್ಲೇ ನಾಲ್ಕು ದಿನ ಇರುವುದಾದರೆ ಅಲ್ಲಿನ ಬೆಳಗಿನ ಅಳತೆಗೆ ಸರಿಮಾಡಿಕೊಳ್ಳಿ.

ಗಣೇಶ ಹಬ್ಬಕ್ಕೆ ಊರಿಗೆ ಹೊರಟಿದ್ದೇವೆ. ಐದು ಜನ, ಡಿಕ್ಕಿ ತುಂಬ ಸಾಮಾನು. ಏನು ಬದಲಾಯಿಸಬೇಕು?

ಸ್ಟಿಕರ್‌ನ ಎರಡನೇ ಸಾಲು ಇರುವುದೇ ಈ ದಿನಕ್ಕೆ. ಹಿಂದಿನ ಚಕ್ರಗಳಿಗೆ ಅದರಲ್ಲಿ ಹೆಚ್ಚಾಗಿ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ಇರುತ್ತದೆ. ಟಯರಿನ ಪಕ್ಕದಲ್ಲಿ 185/65 ಆರ್ 15 88 ಎಚ್ ಎಂಬಂಥ ಬರಹವಿರುತ್ತದೆ. ಆ 88 ಎಂದರೆ ಒಂದು ಟಯರ್ 560 ಕಿಲೋ ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದ ಮಿತಿ. ಆದರೆ ಆ 560 ಕಿಲೋ ಪೂರ್ತಿ ಗಾಳಿಯಿದ್ದಾಗಿನ ಲೆಕ್ಕ. ಹೊರೆ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಅದು ಕಡಿಮೆಯಾದರೆ ಹೊರುವ ಶಕ್ತಿಯೂ ಇಳಿಯುತ್ತದೆ.

ಹೊರಗಡೆಯಿಂದ ಸಿಎನ್‌ಜಿ ಕೂರಿಸಿದ ಕಾರುಗಳವರು ಇದನ್ನು ಗಮನಿಸಬೇಕು. ಡಿಕ್ಕಿಯಲ್ಲಿನ ಸಿಲಿಂಡರ್ ಖಾಲಿಯಿದ್ದಾಗಲೇ ಒಬ್ಬ ಆಳಿನಷ್ಟು ತೂಗುತ್ತದೆ. ಸ್ಟಿಕರ್ ಅಂಟಿಸಿದವರಿಗೆ ಅದು ಗೊತ್ತಿರಲಿಲ್ಲ. ಇಬ್ಬರೇ ಹೋಗುವಾಗಲೂ ಹಿಂದಿನ ಟಯರ್‌ಗಳಿಗೆ ಪೂರ್ತಿ ಹೊರೆಯ ಸಂಖ್ಯೆಯ ಕಡೆಗೇ ವಾಲಿ.

ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಮಾರ್ಗವಾದರೆ ಖಂಬಾಟ್ಕಿ ಘಾಟ್. ಪನವೇಲಿನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಕಶೇಡಿ, ಪರಶುರಾಮ. ಗೋವಾದಿಂದ ಬೆಳಗಾವಿಗೆ ಚೋರ್ಲಾ. ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿದರೆ ಬ್ರೇಕಿನ ಶಾಖ ರಿಮ್ಮಿಗೆ, ರಿಮ್ಮಿನಿಂದ ಟಯರಿಗೆ ಹೋಗುತ್ತದೆ. ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಘಾಟ್ ಇಳಿದ ಕೂಡಲೇ ಗಾಳಿ ಅಳೆದು ಗಾಬರಿಯಾಗಬೇಡಿ.

ಸ್ಟೆಪ್ನಿಗೆ ಎಷ್ಟು?

ಬೇರೆ ನಾಲ್ಕರಷ್ಟೇ ಅಳತೆಯ ಸ್ಟೆಪ್ನಿಯಾದರೆ ಪೂರ್ತಿ ಹೊರೆಯ ಗರಿಷ್ಠ ಸಂಖ್ಯೆಗೆ ಹಾಕಿಸಿ ಇಡಿ. ಬೇಕಾದಾಗ ಬಿಡುವುದು ಸುಲಭ, ರಾತ್ರಿ ಹೆದ್ದಾರಿಯಲ್ಲಿ ಹಾಕುವುದು ಕಷ್ಟ. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿಯಾದರೆ ಅದರ ಮೇಲೆಯೇ ಬರೆದಿರುತ್ತದೆ, ಸಾಮಾನ್ಯವಾಗಿ 60 ಪಿಎಸ್‌ಐ ಮತ್ತು ಗಂಟೆಗೆ 80 ಕಿಲೋಮೀಟರ್ ಮಿತಿ. 33 ಹಾಕಿದರೆ ಅದು ಕೂತುಬಿಡುತ್ತದೆ. ಸ್ಟೆಪ್ನಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ. ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಪಂಕ್ಚರ್ ಕಿಟ್ ಮಾತ್ರ ಇರುತ್ತದೆ. ಗಾಡಿ ತಂದ ವಾರದಲ್ಲೇ ಡಿಕ್ಕಿಯ ಹಲಗೆ ಎತ್ತಿ ನೋಡಿಕೊಳ್ಳಿ.

ಪಂಕ್ಚರ್ ಇಲ್ಲ ಎನ್ನುತ್ತಾರೆ, ಆದರೂ ಒಂದೇ ಟಯರ್ ವಾರಕ್ಕೆ 4-5 ಪಿಎಸ್‌ಐ ಇಳಿಯುತ್ತದೆ. ಏಕೆ?

ಮುಂಬೈ ಮತ್ತು ಗೋವಾದಲ್ಲಿ ಇದು ತೀರಾ ಸಾಮಾನ್ಯ. ಮೂರು ಜಾಗ ಹುಡುಕಬೇಕು.

ಮೊದಲು ವಾಲ್ವಿನ ಪಿನ್. ಗಾಳಿ ತುಂಬಿದ ಮೇಲೆ ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಪಿನ್ ಹೋಗಿದೆ. ಕೊಂಕಣದ ಕೆಂಪು ಧೂಳಿನ ಒಂದು ಕಣ ಪಿನ್ನಿನ ರಬ್ಬರಿನಡಿ ಕೂತರೂ ಸಾಕು. ಮುಚ್ಚಳ ಇರುವುದು ಇದನ್ನು ತಡೆಯಲೆಂದೇ. ಹೊಸ ಪಿನ್ ಹಾಕುವುದು ನಿಮಿಷದ ಕೆಲಸ, ಖರ್ಚೂ ಚಿಲ್ಲರೆ.

ಎರಡನೆಯದು ವಾಲ್ವಿನ ಬುಡ. ರಬ್ಬರ್ ವಾಲ್ವನ್ನು ಬೆರಳಿನಿಂದ ಪಕ್ಕಕ್ಕೆ ಬಗ್ಗಿಸಿ ನೋಡಿ, ಬುಡದಲ್ಲಿ ಬಿರುಕು ಕಂಡರೆ ಇಡೀ ವಾಲ್ವ್ ಬದಲಿಸಬೇಕು. ಹೊಸ ಟಯರ್ ಹಾಕಿಸುವಾಗಲೆಲ್ಲ ಹೊಸ ವಾಲ್ವ್ ಹಾಕಿಸಿದರೆ ಈ ತೊಂದರೆ ಬರುವುದೇ ಕಡಿಮೆ.

ಮೂರನೆಯದನ್ನೇ ಹೆಚ್ಚಿನ ಪಂಕ್ಚರ್ ಅಂಗಡಿಗಳಲ್ಲಿ ಯಾರೂ ನೋಡುವುದಿಲ್ಲ: ರಿಮ್ಮಿನ ಅಂಚು. ಟ್ಯೂಬ್‌ಲೆಸ್ ಟಯರಿನಲ್ಲಿ ಗಾಳಿ ನಿಲ್ಲುವುದು ಟಯರಿನ ಅಂಚು ರಿಮ್ಮಿಗೆ ಒತ್ತಿ ಕೂರುವುದರಿಂದ. ಸಮುದ್ರದ ಉಪ್ಪುಗಾಳಿಯಲ್ಲಿ ಉಕ್ಕಿನ ರಿಮ್ ಅಲ್ಲೇ ತುಕ್ಕು ಹಿಡಿಯುತ್ತದೆ, ಅಲಾಯ್ ರಿಮ್ಮಿನಲ್ಲಿ ಬಣ್ಣ ಎದ್ದು ಬಿಳಿ ಪುಡಿ ಕಟ್ಟುತ್ತದೆ. ಆ ಒರಟಿನ ನಡುವೆ ಗಾಳಿ ಕೂದಲಿನಷ್ಟು ಸಂದಿ ಹುಡುಕಿಕೊಳ್ಳುತ್ತದೆ. ಇಡೀ ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅಂಚಿನ ಸುತ್ತ ಎರಡು ನಿಮಿಷ ಅಲುಗಾಡಿಸದೆ ನೋಡಿದರೆ ಸಾಸಿವೆಯಂಥ ಗುಳ್ಳೆಗಳ ಸಾಲು ಕಾಣುತ್ತದೆ. ಟಯರ್ ಬಿಚ್ಚಿಸಿ, ರಿಮ್ಮಿನ ಅಂಚನ್ನು ತಂತಿ ಬ್ರಷ್ ಅಥವಾ ಉಜ್ಜುಕಾಗದದಿಂದ ನುಣುಪಾಗಿಸಿ, ಬೀಡ್ ಸೀಲರ್ (ಅಂಚಿನ ಸಂದಿ ಮುಚ್ಚುವ ಅಂಟು) ಹಚ್ಚಿ ಮತ್ತೆ ಕೂರಿಸಬೇಕು. ಗುಂಡಿಗೆ ಬಿದ್ದು ಅಂಚು ಡೊಂಕಾಗಿದ್ದರೂ ಹೀಗೇ ಗಾಳಿ ಇಳಿಯುತ್ತದೆ. ಅಲಾಯ್ ರಿಮ್ಮಿನಲ್ಲಿ ಸೀಳು ಕಂಡರೆ ವೆಲ್ಡಿಂಗ್ ಮಾಡಿಸಬೇಡಿ, ರಿಮ್ಮನ್ನೇ ಬದಲಿಸಿ.

ಪಂಕ್ಚರ್ ಎಲ್ಲಿ ಹಾಕಿಸಬಹುದು, ಎಲ್ಲಿ ಬಾರದು?

ರಸ್ತೆಗೆ ತಾಗುವ ನಡುಭಾಗದಲ್ಲಿ, 6 ಮಿಲಿಮೀಟರ್ ಒಳಗಿನ ತೂತಾದರೆ ಹಾಕಿಸಬಹುದು. ಭುಜದ ಭಾಗ (ನಡುಭಾಗ ಪಕ್ಕದ ಗೋಡೆಗೆ ತಿರುಗುವ ಅಂಚು) ಮತ್ತು ಪಕ್ಕದ ಗೋಡೆ ಸದಾ ಮಡಚುವ ಜಾಗ, ಅಲ್ಲಿ ಪ್ಲಗ್ ನಿಲ್ಲುವುದಿಲ್ಲ. ಹೊರಗಿನಿಂದ ಚುಚ್ಚುವ ಬತ್ತಿ ಮನೆ ಸೇರಲು ಸಾಕು. ಆಮೇಲೆ ಟಯರ್ ಬಿಚ್ಚಿಸಿ ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆಯಾಕಾರದ ರಬ್ಬರ್ ತೇಪೆ) ಹಾಕಿಸಿ, ಏಕೆಂದರೆ ಬಿಚ್ಚಿದಾಗಲೇ ಒಳಗೋಡೆ ನೋಡಲು ಸಿಗುವುದು. ಗಾಳಿಯಿಲ್ಲದೆ ಸ್ವಲ್ಪ ದೂರ ಓಡಿದ ಟಯರಿನ ಒಳಗೆ ಕಪ್ಪು ರಬ್ಬರ್ ಪುಡಿ ಅಥವಾ ಗೋಡೆಯ ಸುತ್ತ ಉಜ್ಜಿದ ಪಟ್ಟಿ ಕಂಡರೆ ಆ ಟಯರಿನ ಕಥೆ ಮುಗಿಯಿತು, ಹೊರಗಿನಿಂದ ಎಷ್ಟೇ ಹೊಸದಾಗಿ ಕಂಡರೂ.

ಗುಂಡಿಗೆ ಬಿದ್ದ ಮೇಲೆ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಿದೆ. ಗಾಳಿ ಸರಿಯಿದೆ. ಓಡಿಸಬಹುದೇ?

ಓಡಿಸಬೇಡಿ. ಒಳಗಿನ ನೂಲು ತುಂಡಾಗಿದೆ, ಗಾಳಿಯನ್ನು ತಡೆದಿರುವುದು ಬರೀ ರಬ್ಬರಿನ ಪದರ. ರಿಪೇರಿ ಇಲ್ಲ. ಸ್ಟೆಪ್ನಿ ಹಾಕಿಕೊಂಡು ಟಯರ್ ಅಂಗಡಿಗೆ ಹೋಗಿ. ಗಾಳಿ ಕಡಿಮೆಯಿದ್ದ ಟಯರ್ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸುಲಭವಾಗಿ ಹಿಸುಕಿಕೊಳ್ಳುವುದರಿಂದ ಮಳೆಗಾಲದಲ್ಲಿ ಇಂಥ ಉಬ್ಬುಗಳು ಹೆಚ್ಚು.

ಸವೆತ ನೋಡಿ ಗಾಳಿಯ ವಿಷಯ ತಿಳಿಯುತ್ತದೆಯೇ?

ತಿಳಿಯುತ್ತದೆ, ಆದರೆ ತಡವಾಗಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ತಿಂಗಳುಗಟ್ಟಲೆ ಗಾಳಿ ಕಡಿಮೆ ಇತ್ತು. ನಡು ಸವೆದಿದ್ದರೆ ಹೆಚ್ಚಿತ್ತು. ಒಂದೇ ಅಂಚು ಸವೆದಿದ್ದರೆ ಗಾಳಿಯಲ್ಲ, ಅಲೈನ್‌ಮೆಂಟ್, ಅಂದರೆ ಚಕ್ರಗಳು ಕೂತಿರುವ ಕೋನ ತಪ್ಪಿದೆ.

ನೈಟ್ರೋಜನ್ ಹಾಕಿಸಬೇಕೇ?

ಬೇಕೆಂದರೆ ಹಾಕಿಸಿ, ತೊಂದರೆಯಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ಅದರಲ್ಲಿ ತೇವವಿರುವುದಿಲ್ಲ. ಅದಕ್ಕಿಂತ ಹೆಚ್ಚಿನ ಮಹಿಮೆ ಏನಿಲ್ಲ. ಬಿಸಿಗೆ ಹಿಗ್ಗುವುದು ಎರಡೂ ಒಂದೇ ಥರ. "ನೈಟ್ರೋಜನ್ ಇದೆ, ಚೆಕ್ ಮಾಡಬೇಕಿಲ್ಲ" ಎಂದು ಆರು ತಿಂಗಳು ಬಿಡುವುದೇ ಅದರಿಂದಾಗುವ ದೊಡ್ಡ ನಷ್ಟ. ದಾರಿಯಲ್ಲಿ ಕಡಿಮೆಯಾದರೆ ಸಾದಾ ಗಾಳಿಯನ್ನೇ ಸೇರಿಸಿ.

ಡ್ಯಾಶ್‌ಬೋರ್ಡಿನಲ್ಲಿ ಟಯರ್ ದೀಪವಿದೆ. ಇನ್ನು ಗೇಜ್ ಯಾಕೆ?

ಆ ದೀಪ ಸಾಮಾನ್ಯವಾಗಿ ಗಾಳಿ 20ರಿಂದ 25 ಶೇಕಡ ಇಳಿದ ಮೇಲೆ ಹತ್ತುತ್ತದೆ. 33ರಲ್ಲಿ ಕಾಲು ಭಾಗ ಹೋದರೆ ಉಳಿಯುವುದು 25. ಅದು ಎಚ್ಚರಿಕೆಯ ಗಂಟೆಯೇ ಹೊರತು ಅಳತೆಯಲ್ಲ.

ಎರಡು ಬಗೆಗಳಿವೆ. ವಾಲ್ವಿನೊಳಗೆ ಸೆನ್ಸರ್ ಇರುವ ಬಗೆ ಪ್ರತಿ ಟಯರಿನ ಸಂಖ್ಯೆ ತೋರಿಸುತ್ತದೆ; ಟಯರ್ ಬಿಚ್ಚಿಸುವಾಗ "ಒಳಗೆ ಸೆನ್ಸರ್ ಇದೆ" ಎಂದು ಮೊದಲೇ ಹೇಳಿ, ಇಲ್ಲವಾದರೆ ಲಿವರಿಗೆ ಸಿಕ್ಕಿ ಮುರಿಯುತ್ತದೆ. ಇನ್ನೊಂದು ಬಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಮೂಲಕ ಚಕ್ರ ತಿರುಗುವ ವೇಗ ಹೋಲಿಸಿ ಊಹಿಸುತ್ತದೆ. ಅದರಲ್ಲಿ ಗಾಳಿ ಹಾಕಿಸಿದಾಗಲೆಲ್ಲ ರೀಸೆಟ್ ಮಾಡಬೇಕು, ಮತ್ತು ನಾಲ್ಕೂ ಟಯರ್ ಒಟ್ಟಿಗೆ ನಿಧಾನವಾಗಿ ಇಳಿದರೆ ಅದಕ್ಕೆ ತಿಳಿಯದೇ ಹೋಗಬಹುದು. ವಾಲ್ವಿಗೆ ಹೊರಗಿನಿಂದ ತಿರುಗಿಸುವ ಲೋಹದ ಕ್ಯಾಪ್ ಸೆನ್ಸರ್‌ಗಳು ಕಡಲತೀರದಲ್ಲಿ ಎಳೆಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ತಿಂಗಳಿಗೊಮ್ಮೆ ಬಿಚ್ಚಿ ಹಾಕಿ.

ಮೈಲೇಜ್ ಬರಲೆಂದು 40 ಹಾಕಿಸಿದರೆ?

ಗಾಳಿ 1 ಪಿಎಸ್‌ಐ ಕಡಿಮೆಯಾದರೆ ಇಂಧನ ಸುಮಾರು 0.2 ಶೇಕಡ ಹೆಚ್ಚು ಖರ್ಚಾಗುತ್ತದೆ. ಅಂದರೆ ಸರಿಯಾದ ಸಂಖ್ಯೆಗಿಂತ ಮೇಲೆ ಏರಿಸಿ ಉಳಿಯುವುದು ಬಹಳ ಅಲ್ಪ. ಬದಲಿಗೆ ರಸ್ತೆಗೆ ತಾಗುವ ಜಾಗ ಕಿರಿದಾಗುತ್ತದೆ, ಒದ್ದೆಯಲ್ಲಿ ಬ್ರೇಕ್ ದೂರ ಹೆಚ್ಚುತ್ತದೆ, ಗುಂಡಿಯ ಪೆಟ್ಟು ನೇರ ಸಸ್ಪೆನ್ಶನ್ನಿಗೆ ಹೋಗುತ್ತದೆ.

ಸ್ಕೂಟರ್, ಬೈಕ್‌ಗೆ? ಗೋವಾದಲ್ಲಿ ಬಾಡಿಗೆಗೆ ತೆಗೆದುಕೊಳ್ಳುವಾಗ ಏನು ನೋಡಬೇಕು?

ಎರಡು ಚಕ್ರದ ಗಾಡಿಯಲ್ಲಿ ಹಿಂದೆ ಕೂರುವವರಿಂದ ಲೆಕ್ಕ ಪೂರ್ತಿ ಬದಲಾಗುತ್ತದೆ. ಹಲವು ಸ್ಕೂಟರ್‌ಗಳಲ್ಲಿ ಮುಂದೆ 22, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36ರಂಥ ಸಂಖ್ಯೆ ಇರುತ್ತದೆ. ನಿಮ್ಮ ಗಾಡಿಯದು ಕೈಪಿಡಿಯಲ್ಲಿ ಅಥವಾ ಗಾಡಿಯ ಮೇಲಿನ ಸ್ಟಿಕರ್‌ನಲ್ಲಿ ಸಿಗುತ್ತದೆ. ಮುಂದಿನ ಚಕ್ರದಲ್ಲಿ ಕಡಿಮೆಯಾದರೆ ಹ್ಯಾಂಡಲ್ ಭಾರವಾಗಿ ತಿರುವಿನಲ್ಲಿ ಒಳಕ್ಕೆ ಬೀಳುತ್ತದೆ, ಹಿಂದೆ ಕಡಿಮೆಯಾದರೆ ಬಾಲ ಅಲ್ಲಾಡಿದಂತಾಗುತ್ತದೆ. ಕಾರಿನಲ್ಲಿ ಅನಾನುಕೂಲವಾಗುವುದು ಇಲ್ಲಿ ಬೀಳುವುದಕ್ಕೆ ಕಾರಣವಾಗುತ್ತದೆ.

ಬಾಡಿಗೆ ಸ್ಕೂಟರ್ ತೆಗೆದುಕೊಳ್ಳುವಾಗ ಗೀಚು ಕಲೆಗಳ ಫೋಟೋ ತೆಗೆಯುವ ಮುಂಚೆ ಎರಡೂ ಟಯರನ್ನು ಒಂದು ಸುತ್ತು ತಿರುಗಿಸಿ ನೋಡಿ. ಬೋಳಾಗಿದ್ದರೆ, ಪಕ್ಕದಲ್ಲಿ ಬಿರುಕಿದ್ದರೆ ಬೇರೆ ಗಾಡಿ ಕೇಳಿ. ಇಬ್ಬರು ಹೋಗುವುದಾದರೆ ಮೊದಲ ಪಂಪಿನಲ್ಲೇ ನಿಲ್ಲಿಸಿ. ಬೀಚಿನ ಮರಳಿಗಾಗಿ ಗಾಳಿ ಇಳಿಸುವುದು ಹೇಗೆ ಎಂದೂ ಕೇಳುತ್ತಾರೆ: ಗೋವಾದ ಬೀಚಿನಲ್ಲಿ ಗಾಡಿ ಓಡಿಸುವುದೇ ನಿಷಿದ್ಧ.

ಗಾಡಿ ಬೇಸ್‌ಮೆಂಟಿನಲ್ಲಿ ಬಿಟ್ಟು ಒಂದೂವರೆ ತಿಂಗಳು ಊರಿಗೆ ಹೋಗುತ್ತಿದ್ದೇವೆ.

ಹೋಗುವ ಮುನ್ನ ಪೂರ್ತಿ ಹೊರೆಯ ಸಂಖ್ಯೆಗೆ ಗಾಳಿ ಹಾಕಿಸಿ. ಸಾಧ್ಯವಾದರೆ ಎರಡು ವಾರಕ್ಕೊಮ್ಮೆ ಯಾರಿಂದಲಾದರೂ ನಾಲ್ಕು ಅಡಿ ಮುಂದೆ ಹಿಂದೆ ಮಾಡಿಸಿ, ಇಲ್ಲವಾದರೆ ಒಂದೇ ಜಾಗ ಒತ್ತಿ ಚಪ್ಪಟೆಯಾಗುತ್ತದೆ. ಬಂದ ದಿನ ಮೊದಲ ಕೆಲವು ಕಿಲೋಮೀಟರ್ ಗುಡುಗುಟ್ಟಿದಂತಾಗಿ, ಟಯರ್ ಬಿಸಿಯಾದ ಮೇಲೆ ಹೆಚ್ಚಾಗಿ ಸರಿಹೋಗುತ್ತದೆ. ಗಾಳಿ 20ರ ಕೆಳಗೆ ಇಳಿದಿದ್ದರೆ ಪಂಪಿನವರೆಗೂ ಓಡಿಸಬೇಡಿ, ಇದ್ದಲ್ಲೇ ಕಂಪ್ರೆಸರ್ ತರಿಸಿ.

ಟಯರ್ ಎಷ್ಟು ವರ್ಷ ಬಾಳುತ್ತದೆ?

ಪಕ್ಕದಲ್ಲಿನ ಕೊನೆಯ ನಾಲ್ಕು ಅಂಕಿ ಓದಿ. 3423 ಎಂದರೆ 2023ರ 34ನೇ ವಾರ ತಯಾರಾದದ್ದು. 5 ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಿ. 10 ವರ್ಷವಾದರೆ ಗೀರು ಎಷ್ಟೇ ಉಳಿದಿದ್ದರೂ ತೆಗೆದುಹಾಕಿ. ಸ್ಟೆಪ್ನಿಗೂ ಇದೇ ಲೆಕ್ಕ, ಅದು ಒಂದು ದಿನವೂ ಓಡದಿದ್ದರೂ.

ಹೆದ್ದಾರಿಯಲ್ಲಿ ಓಡುತ್ತಿರುವಾಗಲೇ ಟಯರ್ ಸಿಡಿದರೆ?

ಬ್ರೇಕ್ ಮೇಲೆ ಕಾಲಿಡಬೇಡಿ. ಸ್ಟೇರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ, ಗಾಡಿ ಹೋಗುತ್ತಿದ್ದ ದಿಕ್ಕಿಗೇ ನೇರ ಹಿಡಿಯಿರಿ. ಅದು ಸಿಡಿದ ಚಕ್ರದ ಕಡೆಗೆ ಜೋರಾಗಿ ಎಳೆಯುತ್ತದೆ. ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆದು ವೇಗ ತಾನಾಗಿ ಇಳಿಯಲು ಬಿಡಿ. ಗಂಟೆಗೆ 40 ಕಿಲೋಮೀಟರ್ ಆಸುಪಾಸಿಗೆ ಬಂದ ಮೇಲೆ ಅಪಾಯದ ದೀಪ ಹಾಕಿ, ಹಗುರವಾಗಿ ಬ್ರೇಕ್ ಒತ್ತುತ್ತ ಎಡಗಡೆಯ ಪಟ್ಟಿಗೆ ಸೇರಿಸಿ. ಎಲ್ಲರೂ ಎಡಬದಿಯ ಬಾಗಿಲಿನಿಂದ ಇಳಿದು ತಡೆಗೋಡೆಯ ಆಚೆ ನಿಲ್ಲಿ, ಗಾಡಿಯ ಹಿಂದೆ 50 ಮೀಟರ್ ದೂರದಲ್ಲಿ ಕೆಂಪು ತ್ರಿಕೋನ ಇಡಿ. ಎಕ್ಸ್‌ಪ್ರೆಸ್‌ವೇಯಲ್ಲಿ ರಸ್ತೆಯ ಕಡೆಯ ಚಕ್ರವನ್ನು ನೀವೇ ಬದಲಿಸಲು ಕೂರಬೇಡಿ. ಗಸ್ತು ವಾಹನ ಅಥವಾ ಕ್ರೇನ್ ಬರುವವರೆಗೆ ತಡೆಗೋಡೆಯ ಆಚೆಯೇ ಕಾಯಿರಿ.